ಕುಣಿತ ಹೋಯಿತು, ಕಾಗದ ಉಳಿಯಿತು

ಏಪ್ರಿಲ್ 29 ವಿಶ್ವ ನೃತ್ಯ ದಿನ. ನಮ್ಮ ಊರುಗಳ ನೃತ್ಯಶಾಲೆಗಳೂ ಅಂದು ಕಾರ್ಯಕ್ರಮ ಇಟ್ಟುಕೊಳ್ಳುತ್ತವೆ, ಆಮಂತ್ರಣಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ಆ ದಿನವೇ ಯಾಕೆ ಎಂದು ಕೇಳಿದರೆ ಉತ್ತರ ಸಿಗುವುದು ಪ್ಯಾರಿಸ್ಸಿನಲ್ಲಿ. 1727ರ ಏಪ್ರಿಲ್ 29ರಂದು ಅಲ್ಲಿ ಜ್ಯಾಂ-ಜಾರ್ಜ್ ನೊವೇರ್ ಎಂಬ ಬ್ಯಾಲೆ ಮಾಸ್ಟರ್ ಹುಟ್ಟಿದ. 1982ರಲ್ಲಿ ಅಂತರರಾಷ್ಟ್ರೀಯ ರಂಗಭೂಮಿ ಸಂಸ್ಥೆ ಇಡೀ ಜಗತ್ತಿನ ನೃತ್ಯಕ್ಕೆ ಒಂದು ದಿನ ಬೇಕೆಂದು ಹೊರಟಾಗ ಆರಿಸಿಕೊಂಡಿದ್ದು ಅವನ ಹುಟ್ಟುಹಬ್ಬವನ್ನು. ವಿಚಿತ್ರವೆಂದರೆ, ಅವನು ಕಟ್ಟಿದ ಅಷ್ಟೊಂದು ಬ್ಯಾಲೆಗಳಲ್ಲಿ ಒಂದನ್ನಾದರೂ ಇವತ್ತು ಅವನು ಕಟ್ಟಿದ ಹಾಗೆ ಕುಣಿದು ತೋರಿಸಬಲ್ಲವರು ಯಾರೂ ಇಲ್ಲ. ಹೆಜ್ಜೆಗಳೆಲ್ಲ ಹೋಗಿವೆ.

ರಂಗಭೂಮಿಯ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನ್ನನ್ನು ನೊವೇರ್ ಕಾಡಲು ಶುರುಮಾಡಿದ್ದು ಈ ಕಾರಣಕ್ಕೇ. ನಾಟಕಕ್ಕೆ ಪಠ್ಯವಿದೆ, ಸಂಗೀತಕ್ಕೆ ಸ್ವರಲಿಪಿಯಿದೆ. ಕುಣಿತಕ್ಕೆ ಇರುವುದು ಕುಣಿದವರ ಮೈ. ಆ ಮೈ ಮಣ್ಣಾದ ಮೇಲೆ ಇತಿಹಾಸಕಾರರು ಯಾವುದನ್ನು ಹಿಡಿದುಕೊಂಡು ಬರೆಯಬೇಕು? ಕೃತಿಯೇ ಇಲ್ಲದ ಒಬ್ಬ ಕಲಾವಿದ ಆ ಕಲೆಯ ಪಿತಾಮಹನಾದದ್ದು ಹೇಗೆ? ನನಗೆ ಹೊಳೆದ ಉತ್ತರ ಸ್ವಲ್ಪ ಒರಟಾಗಿದೆ: ಅವನು ಕುಣಿತಗಾರನಷ್ಟೇ ಅಲ್ಲ, ಒಳ್ಳೆಯ ಬರಹಗಾರನೂ ಆಗಿದ್ದ.

ನೊವೇರನ ತಂದೆ ಸ್ವಿಟ್ಜರ್ಲೆಂಡಿನವನು, ಸೈನಿಕ. ಮಗನೂ ಸೈನ್ಯ ಸೇರಬೇಕಿತ್ತು. ಹುಡುಗ ಹೋಗಿ ಸೇರಿದ್ದು ಆ ಕಾಲದ ಹೆಸರಾಂತ ನರ್ತಕ ಲೂಯಿ ದ್ಯುಪ್ರೆಯ ಬಳಿ. 1743ರಲ್ಲಿ, ಹದಿನಾರರ ವಯಸ್ಸಿಗೆ, ಒಪೆರಾ-ಕೊಮಿಕ್‌ನಲ್ಲಿ ರಂಗವೇರಿದ. ಅಲ್ಲಿಂದ ಬರ್ಲಿನ್ನಿಗೆ, ಪ್ರಷ್ಯದ ದೊರೆ ಎರಡನೇ ಫ್ರೆಡರಿಕನ ಆಸ್ಥಾನಕ್ಕೆ. ಆಮೇಲೆ ಮಾರ್ಸೇ, ಲಿಯೋಂ. ಪ್ಯಾರಿಸ್ಸಿನ ದೊಡ್ಡ ಒಪೆರಾದ ಬಾಗಿಲು ಮಾತ್ರ ಅವನಿಗೆ ಬಹಳ ವರ್ಷ ತೆರೆಯಲಿಲ್ಲ.

ಆ ಒಪೆರಾದಲ್ಲಿ ಆಗ ಕುಣಿತ ಹೇಗಿತ್ತು ಎನ್ನುವುದನ್ನು ಕಣ್ಣ ಮುಂದೆ ತಂದುಕೊಳ್ಳದಿದ್ದರೆ ನೊವೇರನ ಸಿಟ್ಟು ಅರ್ಥವಾಗುವುದಿಲ್ಲ. ಹಾಡು ಮುಗಿದ ಮೇಲೆ ಒಂದು ಕುಣಿತ, ಮತ್ತೊಂದು ಹಾಡು, ಮತ್ತೊಂದು ಕುಣಿತ. ಕಥೆಗೂ ಕುಣಿತಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಗಂಡಸರ ಸೊಂಟಕ್ಕೆ ಒಳಗೆ ಬಳೆಕಟ್ಟು ಹಾಕಿದ, ಬಿರುಸಾದ ಗಿಡ್ಡ ಲಂಗ. ಹೆಂಗಸರಿಗೆ ಎರಡೂ ಬದಿಗೆ ಬುಟ್ಟಿಯಂತೆ ಚಾಚಿಕೊಂಡ ಲಂಗ. ತಲೆಯ ಮೇಲೆ ಪುಡಿ ಹಚ್ಚಿದ ಟೋಪನ್ನು, ಗರಿಗಳು. ಮುಖಕ್ಕೆ ಮುಖವಾಡ. ಕಡಲದೇವತೆಯಾದರೆ ಹಸಿರು ಬೆಳ್ಳಿ, ದೆವ್ವವಾದರೆ ಬೆಂಕಿಯ ಬಣ್ಣ ಬೆಳ್ಳಿ, ಕಾಡಿನ ಫಾನ್ ಆದರೆ ಕಪ್ಪು ಬೆರೆತ ಕಂದು. ದುಃಖವಿರಲಿ ಸಂತೋಷವಿರಲಿ, ಮುಖವಾಡದ ಮುಖ ಒಂದೇ. ನಮ್ಮಲ್ಲಿ ನೃತ್ತ, ನೃತ್ಯ ಎಂದು ಎರಡು ಪದಗಳಿವೆ. ಬರೀ ಲಯ ಮತ್ತು ಚಲನೆಯ ಚೆಲುವು ಒಂದು, ಭಾವ ಸೇರಿದ್ದು ಇನ್ನೊಂದು. ನೊವೇರ್ ಜೀವನಪೂರ್ತಿ ಹೇಳಲು ಒದ್ದಾಡಿದ್ದು ಈ ಎರಡರ ವ್ಯತ್ಯಾಸವನ್ನೇ. ಅವನ ಭಾಷೆಯಲ್ಲಿ ಅದಕ್ಕೆ ಸಿದ್ಧ ಜೋಡಿಪದ ಇರಲಿಲ್ಲ. ಯಾಂತ್ರಿಕ ಕುಣಿತ ಎಂದು ಒಂದನ್ನು ಕರೆದ, ಇನ್ನೊಂದಕ್ಕೆ ‘ಬ್ಯಾಲೆ ದಾಕ್ಸಿಯೋಂ’ ಎಂಬ ಹೆಸರು ನಿಂತಿತು. ಕ್ರಿಯೆಯುಳ್ಳ ಬ್ಯಾಲೆ, ಅಂದರೆ ಮಾತಿಲ್ಲದೆ ಕುಣಿತವೇ ಇಡೀ ನಾಟಕವಾಗುವುದು.

ಆದರೆ ಅವನಿಗೆ ಮೊದಲು ಹೆಸರು ತಂದುಕೊಟ್ಟಿದ್ದು ಇಂಥ ಗಂಭೀರ ಕೆಲಸವಲ್ಲ, ಒಂದು ಕಣ್ಕಟ್ಟು. 1754ರಲ್ಲಿ ಪ್ಯಾರಿಸ್ಸಿನ ಸಂತೆ ರಂಗಮಂದಿರದಲ್ಲಿ ಅವನು ‘ಚೀನೀ ಹಬ್ಬಗಳು’ ಎಂಬ ಬ್ಯಾಲೆ ಆಡಿಸಿದ. ಮೆಟ್ಟಿಲು ಮೆಟ್ಟಿಲಾಗಿ ಸಾಲುಗಟ್ಟಿ ಕೂತ ಚೀನೀ ವೇಷದವರು ಒಂದರ ಹಿಂದೆ ಒಂದು ಸಾಲು ಏಳುತ್ತಾ ಬಾಗುತ್ತಾ ಇದ್ದರೆ ಬಿರುಗಾಳಿಯ ಕಡಲಿನ ಅಲೆಗಳಂತೆ ಕಾಣುತ್ತಿತ್ತಂತೆ. ಕೊನೆಯಲ್ಲಿ ಎಲ್ಲರೂ ದೊಡ್ಡ ದೊಡ್ಡ ಪಿಂಗಾಣಿ ಹೂಜಿಗಳ ಹಿಂದೆ ಅಡಗಿ, ರಂಗವೇ ಒಂದು ಪಿಂಗಾಣಿ ಅಂಗಡಿಯಾಗುತ್ತಿತ್ತು. ಚೀನಾದ ಬಗ್ಗೆ ಯುರೋಪಿಗೆ ಆಗ ಇದ್ದ ಹುಚ್ಚಿಗೆ ಇದು ಹೇಳಿ ಮಾಡಿಸಿದಂತಿತ್ತು. ಚೀನಾಕ್ಕೂ ಇದಕ್ಕೂ ಏನೂ ಸಂಬಂಧವಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಇದರ ಸುದ್ದಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರ ನಡೆಸುತ್ತಿದ್ದ ಮಹಾನಟ ಡೇವಿಡ್ ಗ್ಯಾರಿಕ್‌ಗೆ ತಲುಪಿತು. ಅವನ ಹೆಂಡತಿ ವಿಯೆನ್ನಾದಿಂದ ಬಂದ ನರ್ತಕಿ, ಕುಣಿತದ ಬೆಲೆ ಆ ಮನೆಯಲ್ಲಿ ಗೊತ್ತಿತ್ತು. ಗ್ಯಾರಿಕ್ ನೊವೇರನನ್ನು ಕರೆಸಿಕೊಂಡ. ತಿಂಗಳುಗಟ್ಟಲೆ ತಯಾರಿ ನಡೆಯಿತು. ಅಷ್ಟರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಹೊತ್ತಿಕೊಳ್ಳುವುದರಲ್ಲಿತ್ತು. ಅಮೆರಿಕದ ಕಾಡುಗಳಲ್ಲಿ ಆಗಲೇ ಗುಂಡು ಹಾರುತ್ತಿದ್ದವು. ಅಂಥ ಹೊತ್ತಿನಲ್ಲಿ ಫ್ರೆಂಚ್ ಕುಣಿತಗಾರರಿಗೆ ದುಡ್ಡು ಸುರಿಯುತ್ತಾರೆಂದು ಲಂಡನ್ನಿನ ಜನ ಹಲ್ಲು ಕಡಿಯತೊಡಗಿದರು. ಗ್ಯಾರಿಕ್ ಹೆದರಿ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಿದ: ನೊವೇರ್ ಫ್ರೆಂಚನಲ್ಲ, ಸ್ವಿಸ್ ಪ್ರೊಟೆಸ್ಟಂಟ್ ಮನೆತನದವನು, ತಂಡದಲ್ಲಿ ಹೆಚ್ಚಿನವರು ಇಂಗ್ಲಿಷರೇ ಎಂದು. ಕಲಾವಿದನೊಬ್ಬ ಎಲ್ಲಿಯವನು, ಯಾವ ಮತದವನು ಎಂದು ಪ್ರಮಾಣಪತ್ರ ಕೊಟ್ಟು ಟಿಕೆಟ್ ಮಾರಬೇಕಾದ ಪರಿಸ್ಥಿತಿ ಹೊಸದೇನಲ್ಲ, ಹಳೆಯದೂ ಆಗಿಲ್ಲ.

1755ರ ನವೆಂಬರ್ 8ರಂದು ಮೊದಲ ಪ್ರದರ್ಶನ. ರಾಜ ಎರಡನೇ ಜಾರ್ಜ್ ಖುದ್ದಾಗಿ ಬಂದಿದ್ದ. ಆದರೂ ಕೂಗಾಟ ನಿಲ್ಲಲಿಲ್ಲ. ಮುಂದಿನ ಪ್ರದರ್ಶನಗಳಲ್ಲಿ ಗಲಾಟೆ ಏರುತ್ತಾ ಹೋಯಿತು. ಬಾಕ್ಸುಗಳಲ್ಲಿ ಕೂತ ಶ್ರೀಮಂತರಿಗೆ ಬ್ಯಾಲೆ ಬೇಕು, ಕೆಳಗಿನ ಅಂಕಣದವರಿಗೂ ಗ್ಯಾಲರಿಯವರಿಗೂ ಬೇಡ. ಶ್ರೀಮಂತರು ಕತ್ತಿ ಹಿರಿದು ಕೆಳಗೆ ಧುಮುಕಿದರು. ನವೆಂಬರ್ 18ರ ಆರನೇ ಪ್ರದರ್ಶನದಂದು ಬೆಂಚುಗಳು ಮುರಿದವು, ದೀಪಗಳು ಒಡೆದವು, ರಂಗದ ಪರದೆಗಳು ಹರಿದವು. ಗುಂಪು ಗ್ಯಾರಿಕ್‌ನ ಮನೆಗೆ ಹೋಗಿ ಕಿಟಕಿ ಗಾಜುಗಳನ್ನು ಪುಡಿ ಮಾಡಿತು. ಅಲ್ಲಿಗೆ ಚೀನೀ ಹಬ್ಬ ಮುಗಿಯಿತು. ಗಲಾಟೆಯಲ್ಲಿ ನೊವೇರನ ತಮ್ಮ ಆಗಸ್ಟಿನ್ ಒಬ್ಬನನ್ನು ಕತ್ತಿಯಿಂದ ಇರಿದು, ಅವನು ಸತ್ತನೆಂದು ಭಯಪಟ್ಟು ತಲೆಮರೆಸಿಕೊಂಡ ಎಂಬ ಕಥೆಯಿದೆ. ಕಥೆ ಹೇಗೇ ಇರಲಿ, ಆಗಸ್ಟಿನ್ ಕೊನೆಗೆ ನೆಲೆಸಿದ್ದು ಇಂಗ್ಲೆಂಡಿನ ನಾರಿಚ್‌ನಲ್ಲಿ. ಅಲ್ಲಿ ಅವನ ವಂಶದವರು ತಲೆಮಾರುಗಳ ಕಾಲ ಕುಣಿತ ಕಲಿಸಿದರು.

ಈ ಅನಾಹುತದಿಂದ ನೊವೇರನಿಗೆ ಒಂದು ದೊಡ್ಡ ಲಾಭವಾಯಿತು. ಮತ್ತೆ ಲಂಡನ್ನಿಗೆ ಬಂದಾಗ ಗ್ಯಾರಿಕ್‌ನ ಪುಸ್ತಕ ಭಂಡಾರ ಅವನಿಗೆ ತೆರೆಯಿತು. ಜೊತೆಗೆ ಗ್ಯಾರಿಕ್‌ನ ಅಭಿನಯ. ಸಾಯುತ್ತಿರುವ ಕ್ರೂರ ದೊರೆಯೊಬ್ಬನ ಪಾತ್ರವನ್ನು ಗ್ಯಾರಿಕ್ ಮಾಡಿದ ಬಗೆಯನ್ನು ನೊವೇರ್ ಆಮೇಲೆ ಬರೆದಿದ್ದಾನೆ. ಕ್ಷಣ ಕ್ಷಣಕ್ಕೂ ಮುಖದ ಬಣ್ಣ ಬದಲಾಗುತ್ತದೆ, ತೆವಳುತ್ತಾನೆ, ತನ್ನ ಗೋರಿಯನ್ನು ತಾನೇ ತೋಡುವವನಂತೆ ನೆಲವನ್ನು ಉಗುರಿನಿಂದ ಕೆರೆಯುತ್ತಾನೆ. ನೊವೇರನಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ ಎನ್ನುವುದನ್ನು ನೆನಪಿಡಬೇಕು. ಮಾತು ಬಿಟ್ಟು ಉಳಿದದ್ದೆಲ್ಲ ಅವನಿಗೆ ತಲುಪಿತ್ತು. ಮಾತಿಲ್ಲದೆಯೂ ದುರಂತ ನಾಟಕ ಸಾಧ್ಯ ಎಂಬ ನಂಬಿಕೆ ಗಟ್ಟಿಯಾದದ್ದು ಅಲ್ಲಿ ಎಂದು ನಾನು ಊಹಿಸುತ್ತೇನೆ. ಗ್ಯಾರಿಕ್ ಅವನನ್ನು ಕುಣಿತದ ಶೇಕ್ಸ್‌ಪಿಯರ್ ಎಂದು ಕರೆದನಂತೆ.

1760ರಲ್ಲಿ ಲಿಯೋಂ ಮತ್ತು ಸ್ಟುಟ್‌ಗಾರ್ಟ್ ಹೆಸರಿನಲ್ಲಿ ‘ನೃತ್ಯ ಮತ್ತು ಬ್ಯಾಲೆಗಳನ್ನು ಕುರಿತ ಪತ್ರಗಳು’ ಹೊರಬಂತು. ಹದಿನೈದು ಪತ್ರಗಳು. ಧಾಟಿ ಪಾಠದ್ದಲ್ಲ, ಜಗಳದ್ದು. ಮುಖವಾಡ ಕಿತ್ತೆಸೆಯಿರಿ, ಟೋಪನ್ನು ಬಿಸಾಡಿ, ಬುಟ್ಟಿಲಂಗ ಬಿಡಿ, ಬಟ್ಟೆ ಮೈಯ ಜೊತೆ ಹರಿಯಲಿ. ಎಡಕ್ಕೆ ಆರು ಜನ, ಬಲಕ್ಕೆ ಆರು ಜನ ಎಂಬ ಸಮತೂಕದ ಲೆಕ್ಕ ಸಾಕು, ಬೆನ್ನಟ್ಟಿ ಬರುವ ಫಾನ್‌ಗಳಿಂದ ತಪ್ಪಿಸಿಕೊಳ್ಳುವ ಹುಡುಗಿಯರು ಸಾಲಾಗಿ ಓಡುತ್ತಾರೆಯೇ? ಬ್ಯಾಲೆ ಮಾಸ್ಟರಿಗೆ ಚಿತ್ರಕಲೆ ಗೊತ್ತಿರಬೇಕು, ಇತಿಹಾಸ, ಕಾವ್ಯ, ಸಂಗೀತ, ರೇಖಾಗಣಿತ ಗೊತ್ತಿರಬೇಕು, ಮನುಷ್ಯನ ಮೂಳೆ ಸ್ನಾಯುಗಳ ರಚನೆಯೂ ಗೊತ್ತಿರಬೇಕು, ಇಲ್ಲದಿದ್ದರೆ ಅವನು ಶಿಷ್ಯರ ಕಾಲು ಮುರಿಯುತ್ತಾನೆ. ಓದುತ್ತಿದ್ದರೆ ಇವತ್ತಿಗೂ ಬಿಸಿ ಆರಿಲ್ಲ. 1769ರಲ್ಲಿ ಜರ್ಮನ್ ಅನುವಾದ ಬಂತು, ಅದರಲ್ಲಿ ಲೆಸ್ಸಿಂಗ್‌ನಂಥ ನಾಟಕಕಾರನ ಕೈಯಿತ್ತು.

ಗಮನಿಸಬೇಕಾದ್ದು ಇಸವಿ. ನೊವೇರನ ಅತಿ ಪ್ರಸಿದ್ಧ ದುರಂತ ಬ್ಯಾಲೆ ಬಂದಿದ್ದು 1763ರಲ್ಲಿ. ಪುಸ್ತಕ ಅದಕ್ಕಿಂತ ಮೂರು ವರ್ಷ ಹಿಂದಿನದು. ಅಂದರೆ ಅವನು ದೊಡ್ಡ ಕೆಲಸ ಮಾಡಿದ ಮೇಲೆ ಅದರ ಸಾರ ಬರೆದಿಟ್ಟವನಲ್ಲ, ಮಾಡಬೇಕೆಂದಿರುವುದನ್ನು ಮೊದಲೇ ಸಾರಿಬಿಟ್ಟವನು. ಸಾರಿದ ಮಾತುಗಳೂ ಪೂರ್ತಿ ಅವನವೇ ಅಲ್ಲ. 1717ರಲ್ಲೇ, ಮುಂದೆ ಅವನ ಬೆಂಚುಗಳು ಮುರಿಯಲಿದ್ದ ಅದೇ ಡ್ರೂರಿ ಲೇನ್‌ನಲ್ಲಿ, ಜಾನ್ ವೀವರ್ ಮಾತಿಲ್ಲದ ಕಥಾನೃತ್ಯ ಆಡಿಸಿದ್ದ. 1734ರಲ್ಲಿ ಮರೀ ಸಾಲೆ ಎಂಬ ನರ್ತಕಿ ಲಂಡನ್ನಿನಲ್ಲಿ ‘ಪಿಗ್ಮೇಲಿಯನ್’ ಮಾಡಿದಾಗ ಬುಟ್ಟಿಲಂಗ ಬಿಟ್ಟು, ಗ್ರೀಕ್ ಶಿಲ್ಪದ ಹಾಗೆ ತೆಳು ಮಸ್ಲಿನ್ ಉಟ್ಟು, ಕೂದಲು ಇಳಿಬಿಟ್ಟು ಬಂದಿದ್ದಳು. ಆಗ ನೊವೇರನಿಗೆ ಏಳು ವರ್ಷ. ಫ್ರಾನ್ಸಿನಲ್ಲಿ ಕಾಯುಜಾಕ್ ಎಂಬ ಲೇಖಕ 1754ರಲ್ಲೇ ಕುಣಿತಕ್ಕೆ ಕ್ರಿಯೆ ಬೇಕೆಂದು ವಾದಿಸಿದ್ದ. ನೊವೇರ್ ಸಾಲೆಯನ್ನು ಹೊಗಳಿಯೇ ಬರೆದಿದ್ದಾನೆ, ಇಲ್ಲವೆನ್ನುವುದಿಲ್ಲ. ಆದರೆ ಹೊಗಳಿಕೆ ಅವಳ ಭಾವದ ನವಿರಿಗೆ, ಸಿದ್ಧಾಂತದ ಹಕ್ಕು ತನಗೆ. ಸಾಲೆ ಬರೆಯಲಿಲ್ಲ. ಕುಣಿದಳು, ನಿವೃತ್ತಳಾದಳು, 1756ರಲ್ಲಿ ತೀರಿಕೊಂಡಳು. ಇತಿಹಾಸದ ಪುಸ್ತಕಗಳಲ್ಲಿ ಅವಳು ನೊವೇರನ ಮುನ್ಸೂಚನೆಯಾಗಿ ಅರ್ಧ ಪುಟ ಬರುತ್ತಾಳೆ.

ಪುಸ್ತಕದ ಅರ್ಪಣೆ ವ್ಯುರ್ಟೆಂಬರ್ಗ್‌ನ ಡ್ಯೂಕ್ ಕಾರ್ಲ್ ಓಯ್ಗನ್‌ಗೆ. ಅದು ಫಲ ಕೊಟ್ಟಿತು. 1760ರಿಂದ 1767ರವರೆಗೆ ನೊವೇರ್ ಸ್ಟುಟ್‌ಗಾರ್ಟಿನಲ್ಲಿ ಕೇಳಿದ್ದೆಲ್ಲ ಸಿಗುವ ಕಾಲವನ್ನು ಕಂಡ. ದೊಡ್ಡ ತಂಡ, ಸಂಗೀತಕ್ಕೆ ರೊಡೋಲ್ಫ್ ಮತ್ತು ಡೆಲ್ಲರ್, ವೇಷಗಳಿಗೆ ಬೊಕೆ, ರಂಗಸಜ್ಜಿಕೆಗೆ ಸೆರ್ವಾಂದೋನಿ, ಅತಿಥಿಯಾಗಿ ಪ್ಯಾರಿಸ್ಸಿನ ತಾರೆ ಗಾಯೆತಾನ್ ವೆಸ್ತ್ರಿಸ್. ಒಂದು ಚಿಕ್ಕ ಜರ್ಮನ್ ಸಂಸ್ಥಾನಕ್ಕೆ ಇಷ್ಟೊಂದು ದುಡ್ಡು ಎಲ್ಲಿಂದ ಬಂತು? ಬ್ಯಾಲೆಯ ಇತಿಹಾಸಗಳು ಈ ಪ್ರಶ್ನೆಯನ್ನು ಬೇಗ ದಾಟಿಬಿಡುತ್ತವೆ. ಡ್ಯೂಕ್ ಹಣಕ್ಕಾಗಿ ತನ್ನ ಪ್ರಜೆಗಳ ದಂಡನ್ನು ಫ್ರಾನ್ಸಿನ ಯುದ್ಧಕ್ಕೆ ಒದಗಿಸಿದ್ದ. ಸಂಸ್ಥಾನದ ಪ್ರತಿನಿಧಿ ಸಭೆಯ ಒಪ್ಪಿಗೆಯಿಲ್ಲದೆ ತೆರಿಗೆ ಎತ್ತುತ್ತಿದ್ದ. ಆ ಸಭೆಯ ಕಾನೂನು ಸಲಹೆಗಾರ ಯೋಹಾನ್ ಯಾಕೋಬ್ ಮೋಸರ್‌ನನ್ನು 1759ರಲ್ಲಿ ವಿಚಾರಣೆಯಿಲ್ಲದೆ ಹೊಹೆನ್‌ಟ್ವೀಲ್ ಕೋಟೆಗೆ ತಳ್ಳಿದ, ಐದು ವರ್ಷ ಬಿಡಲಿಲ್ಲ. ಅಂದರೆ ಸ್ಟುಟ್‌ಗಾರ್ಟಿನ ರಂಗದ ಮೇಲೆ ಮನುಷ್ಯನ ನಿಜವಾದ ಭಾವ ಕಾಣಬೇಕೆಂದು ನೊವೇರ್ ಮುಖವಾಡ ಕೀಳಿಸುತ್ತಿದ್ದಾಗ ಮೋಸರ್ ಕೋಟೆಯ ಕೋಣೆಯಲ್ಲಿದ್ದ. ಇದಕ್ಕೆ ನೊವೇರ್ ಹೊಣೆಯೆಂದು ನಾನು ಹೇಳುತ್ತಿಲ್ಲ. ಆದರೆ ಆ ಬ್ಯಾಲೆಗಳ ಬಗ್ಗೆ ಓದುವಾಗ ಮೋಸರ್‌ನನ್ನು ಪಕ್ಕಕ್ಕೆ ಸರಿಸಲು ನನಗೆ ಆಗುವುದಿಲ್ಲ.

1763ರ ಫೆಬ್ರವರಿ 11, ಡ್ಯೂಕನ ಹುಟ್ಟುಹಬ್ಬ. ಯೊಮ್ಮೆಲ್ಲಿಯ ಒಪೆರಾದ ಅಂಕಗಳ ನಡುವೆ ‘ಮೆದೆಯಾ ಮತ್ತು ಜೇಸನ್’ ಆಡಿದರು. ಜೇಸನ್ ತನ್ನ ಹೆಂಡತಿ ಮೆದೆಯಾಳನ್ನು ಬಿಟ್ಟು ರಾಜಕುಮಾರಿ ಕ್ರಿಯೂಸಾಳ ಹಿಂದೆ ಹೋಗುತ್ತಾನೆ. ಮಾಟಗಾತಿ ಮೆದೆಯಾ ದ್ವೇಷ, ಅಸೂಯೆ, ಸೇಡುಗಳನ್ನು ಪಾತಾಳದಿಂದ ಕರೆಯುತ್ತಾಳೆ, ಅವೂ ವೇಷ ತೊಟ್ಟು ಕುಣಿಯುತ್ತವೆ. ವಿಷದ ಉಡುಗೊರೆ ಕ್ರಿಯೂಸಾಳನ್ನು ಕೊಲ್ಲುತ್ತದೆ. ಬೆಂಕಿಯುಗುಳುವ ಡ್ರಾಗನ್ನುಗಳ ರಥದಲ್ಲಿ ಬಂದ ಮೆದೆಯಾ ತನ್ನ ಮಕ್ಕಳನ್ನು ಅಪ್ಪನ ಕಣ್ಣೆದುರೇ ಇರಿಯುತ್ತಾಳೆ. ಜೇಸನ್ ತನ್ನನ್ನೇ ಇರಿದುಕೊಳ್ಳುತ್ತಾನೆ, ಅರಮನೆ ಉರಿದು ಬೀಳುತ್ತದೆ. ಪ್ರೇಕ್ಷಕರಲ್ಲಿ ಕೆಲವರು ಮೂರ್ಛೆ ಹೋದರು, ಕೆಲವರು ಎದ್ದು ಓಡಿದರು ಎನ್ನುತ್ತಾರೆ. ಸ್ವಲ್ಪ ಉತ್ಪ್ರೇಕ್ಷೆಯಿದ್ದೀತು. ಆದರೆ ಹಾಡಿನ ನಡುವಿನ ಬಿಡುವಿಗೆಂದು ಇದ್ದ ಕುಣಿತ ಮಕ್ಕಳ ಕೊಲೆಯನ್ನು ತೋರಿಸತೊಡಗಿದ್ದು ಸಣ್ಣ ಸಂಗತಿಯಲ್ಲ. ಈ ಬ್ಯಾಲೆ ಯುರೋಪಿನ ತುಂಬ ಓಡಾಡಿತು. ಕುಣಿದವರೇ ನೆನಪಿನಿಂದ ಹೊತ್ತೊಯ್ದರು. ವೆಸ್ತ್ರಿಸ್ 1770ರಲ್ಲಿ ಅದನ್ನು ತನ್ನದೇ ರೀತಿಯಲ್ಲಿ ಪ್ಯಾರಿಸ್ಸಿನಲ್ಲಿ ಆಡಿಸಿದ. ಹೆಜ್ಜೆಗೆ ಆಗ ಹಕ್ಕುಸ್ವಾಮ್ಯವೆಲ್ಲಿತ್ತು!

ಡ್ಯೂಕನ ಖಜಾನೆ ಬತ್ತಿದಾಗ ನೊವೇರ್ ವಿಯೆನ್ನಾಕ್ಕೆ ಹೋದ. ಅಲ್ಲಿ ಗ್ಲುಕ್ ಜೊತೆ ಕೆಲಸ ಮಾಡಿದ, ಮುಂದೆ ಫ್ರಾನ್ಸಿನ ರಾಣಿಯಾಗಲಿದ್ದ ಹುಡುಗಿ ಮರೀ ಆಂತ್ವಾನೆತ್‌ಗೆ ಕುಣಿತ ಕಲಿಸಿದ. ಅವನ ಅತಿ ದೊಡ್ಡ ಜಗಳವೂ ಆ ಕಾಲದ್ದೇ. ಗಾಸ್ಪಾರೋ ಆಂಜಿಯೋಲಿನಿ ಎಂಬ ಇಟಲಿಯ ಬ್ಯಾಲೆ ಮಾಸ್ಟರ್ 1761ರಲ್ಲಿ, ಅಂದರೆ ‘ಮೆದೆಯಾ’ಕ್ಕಿಂತ ಮೊದಲೇ, ಗ್ಲುಕ್‌ನ ಸಂಗೀತಕ್ಕೆ ‘ಡಾನ್ ಜುವಾನ್’ ಎಂಬ ಕಥಾ ಬ್ಯಾಲೆ ಮಾಡಿದ್ದ. ಅವನ ಗುರು ಹಿಲ್ವರ್ಡಿಂಗ್ ಇನ್ನೂ ಮೊದಲೇ ಈ ದಾರಿ ಹಿಡಿದಿದ್ದ. 1773ರಲ್ಲಿ ಆಂಜಿಯೋಲಿನಿ ಮಿಲಾನಿನಲ್ಲಿ ನೊವೇರನಿಗೆ ಬರೆದ ಪತ್ರಗಳನ್ನೇ ಪುಸ್ತಕ ಮಾಡಿ ಕೇಳಿದ: ಎಲ್ಲ ನೀನೇ ಕಂಡುಹಿಡಿದೆ ಎನ್ನುತ್ತೀಯಲ್ಲ, ನನ್ನ ಗುರುವಿನ ಹೆಸರು ಎಲ್ಲಿ? ಅವನ ಇನ್ನೊಂದು ಏಟು ಸರಿಯಾದ ಜಾಗಕ್ಕೇ ಬಿತ್ತು. ಕುಣಿತವೇ ಎಲ್ಲ ಹೇಳುತ್ತದೆ ಎಂದಾದರೆ ಬಾಗಿಲಲ್ಲಿ ಪುಟಗಟ್ಟಲೆ ಕಥೆಯ ಕಿರುಪುಸ್ತಕ ಯಾಕೆ ಹಂಚುತ್ತೀಯ? (ತಮಾಷೆಯೆಂದರೆ ‘ಡಾನ್ ಜುವಾನ್’ಗೂ ಮುನ್ನುಡಿ ಸಮೇತ ಕಿರುಪುಸ್ತಕ ಇತ್ತು.) ಮರುವರ್ಷ ಇಬ್ಬರೂ ಊರು ಅದಲುಬದಲು ಮಾಡಿಕೊಂಡರು: ನೊವೇರ್ ಮಿಲಾನಿಗೆ, ಆಂಜಿಯೋಲಿನಿ ವಿಯೆನ್ನಾಕ್ಕೆ. ಮಿಲಾನಿನವರಿಗೆ ನೊವೇರ್ ರುಚಿಸಲಿಲ್ಲ.

ಈ ಜಗಳದಲ್ಲಿ ನನ್ನ ಒಲವು ಆಂಜಿಯೋಲಿನಿಯ ಕಡೆಗೆ ಸ್ವಲ್ಪ ವಾಲುತ್ತದೆ. ಮೊದಲಿಗರು ಯಾರೆಂಬ ಪ್ರಶ್ನೆಯಲ್ಲಿ ಅವನು ಹೇಳಿದ್ದು ಸರಿ. ಆದರೆ ಇಬ್ಬರ ಪತ್ರಗಳನ್ನೂ ಪಕ್ಕಪಕ್ಕ ಇಟ್ಟರೆ ಓದಿಸಿಕೊಂಡು ಹೋಗುವುದು ನೊವೇರನದೇ. ಅನ್ಯಾಯವಾದದ್ದು ಅಲ್ಲೇ.

1776ರಲ್ಲಿ ಕೊನೆಗೂ ಪ್ಯಾರಿಸ್ ಒಪೆರಾ. ರಾಣಿಯಾಗಿದ್ದ ಹಳೆಯ ಶಿಷ್ಯೆಯ ಕೃಪೆ. ಸರದಿಯಂತೆ ಆ ಹುದ್ದೆ ಒಳಗಿನವರಾದ ಗಾರ್ದೆಲ್ ಮತ್ತು ದೋಬರ್ವಾಲ್‌ಗೆ ಬರಬೇಕಿತ್ತು. ಹೊರಗಿನಿಂದ ಬಂದವನನ್ನು ಅವರು ಸುಮ್ಮನೆ ಬಿಡಲಿಲ್ಲ. ಇದೇ ಗಾರ್ದೆಲ್ ಬಗ್ಗೆ ಒಂದು ಕಥೆಯಿದೆ. ನೊವೇರ್ ಬರುವ ಕೆಲವು ವರ್ಷ ಮೊದಲು ಒಪೆರಾದಲ್ಲಿ ವೆಸ್ತ್ರಿಸ್ ಬದಲಿಗೆ ಕುಣಿಯಬೇಕಾಗಿ ಬಂದಾಗ, ಜನ ತನ್ನನ್ನು ವೆಸ್ತ್ರಿಸ್ ಅಂದುಕೊಳ್ಳಬಾರದೆಂದು ಮುಖವಾಡ, ಟೋಪನ್ನು ತೆಗೆದೇ ಬರುತ್ತೇನೆಂದು ಹಟ ಹಿಡಿದನಂತೆ. ಅಲ್ಲಿಂದ ಮುಖವಾಡಗಳು ಒಂದೊಂದಾಗಿ ಹೋದವು. ಹದಿನೈದು ಪತ್ರಗಳು ಬೇಡಿದ್ದನ್ನು ಒಬ್ಬ ನಟನ ಅಹಂಕಾರ ಒಂದು ಸಂಜೆಯಲ್ಲಿ ಮಾಡಿತು! ವಯಸ್ಸಾದ ಮೇಲೆ ನೊವೇರ್ ಮುಖವಾಡ ಒಡೆದದ್ದು ತಾನೇ ಎಂದು ಬರೆದುಕೊಂಡ.

ಪ್ಯಾರಿಸ್ಸಿನ ದಿನಗಳಿಂದ ಹೆಚ್ಚು ಉಳಿದಿರುವುದು ಅವನ ಕೃತಿಯಲ್ಲ, ಇನ್ನೊಬ್ಬನದು. ಕೆಲಸ ಹುಡುಕಿಕೊಂಡು ಬಂದಿದ್ದ ಇಪ್ಪತ್ತೆರಡರ ಮೊಟ್ಸಾರ್ಟ್ 1778ರಲ್ಲಿ ನೊವೇರನ ‘ಲೆ ಪೆತಿ ರಿಯಾಂ’ ಎಂಬ ಪುಟ್ಟ ಬ್ಯಾಲೆಗೆ ಸಂಗೀತ ಬರೆದುಕೊಟ್ಟ, ಸ್ನೇಹಕ್ಕಾಗಿ, ಪುಕ್ಕಟೆ. ಜೂನ್ 11ರಂದು ಆಟ. ಪ್ರಕಟಣೆಯಲ್ಲಿ ಮೊಟ್ಸಾರ್ಟನ ಹೆಸರಿಲ್ಲ. ಮುಂದಿನ ತಿಂಗಳು ಅವನು ಅಪ್ಪನಿಗೆ ಬರೆದ ಕಾಗದದಲ್ಲಿ ಇದರ ಬಗ್ಗೆ ಗೊಣಗಿದ್ದಾನೆ. ಅಮ್ಮ ಪ್ಯಾರಿಸ್ಸಿನಲ್ಲೇ ತೀರಿಕೊಂಡಳೆಂಬ ಸುದ್ದಿಯನ್ನು ತಿಳಿಸಿದ ಕಾಗದವೂ ಅದೇ. ಆ ಸಂಗೀತದ ಪ್ರತಿ ಒಪೆರಾದ ಗ್ರಂಥಾಲಯದಲ್ಲಿ ಸಿಕ್ಕಿದ್ದು 1872ರಲ್ಲಿ. ಇನ್ನೊಂದು ಹೆಸರು ಸಿಗಲು ಇನ್ನೂ ತಡವಾಯಿತು. ಮೊಟ್ಸಾರ್ಟ್ 1777ರ ಜನವರಿಯಲ್ಲಿ ಬರೆದ ಒಂದು ಪಿಯಾನೋ ಕನ್ಸರ್ಟೊವನ್ನು ಇಪ್ಪತ್ತನೇ ಶತಮಾನವಿಡೀ ‘ಝೋನೊಮ್’ ಎಂದು ಕರೆಯುತ್ತಿದ್ದರು, ಯಾರೋ ಫ್ರೆಂಚ್ ಕಲಾವಿದೆಯ ಹೆಸರೆಂದುಕೊಂಡು. ವಿಯೆನ್ನಾದ ಸಂಶೋಧಕ ಮಿಖಾಯೆಲ್ ಲೊರೆನ್ಸ್ ಈ ಶತಮಾನದ ಆರಂಭದಲ್ಲಿ ಕಡತಗಳನ್ನು ಕೆದಕಿ ತೋರಿಸಿದ: ಆಕೆ ವಿಕ್ತ್ವಾರ್ ಜೆನಾಮಿ, ನೊವೇರನ ಮಗಳು.

ಉಳಿದದ್ದನ್ನು ಬೇಗ ಹೇಳಬಹುದು. ಒಳಜಗಳಗಳಿಂದ ಬೇಸತ್ತು ನೊವೇರ್ ಒಪೆರಾ ಬಿಟ್ಟ. ಲಂಡನ್ನಿನ ಕಿಂಗ್ಸ್ ಥಿಯೇಟರಿನಲ್ಲಿ ಕೆಲವು ಋತುಗಳು ಕೆಲಸ ಮಾಡಿ ಒಳ್ಳೆಯ ಹೆಸರು ಪಡೆದ. ಕ್ರಾಂತಿ ಬಂದು ಪಿಂಚಣಿ ಹೋಯಿತು. 1789ರ ಜುಲೈ 1ರಂದು, ಬಾಸ್ತೀಲ್ ಬೀಳಲು ಎರಡು ವಾರ ಇರುವಾಗ, ಹಿಂದೆ ಸ್ಟುಟ್‌ಗಾರ್ಟಿನಲ್ಲಿ ಅವನ ಕೈಕೆಳಗೆ ಕುಣಿದಿದ್ದ ದೋಬರ್ವಾಲ್ ಬೋರ್ದೋದಲ್ಲಿ ಹಳ್ಳಿ ಹುಡುಗಿಯೊಬ್ಬಳ ಪ್ರೇಮದ ಬ್ಯಾಲೆ ಆಡಿಸಿದ. ‘ಲಾ ಫೀಯ್ ಮಾಲ್ ಗಾರ್ದೆ’ ಎಂಬ ಅದು ಹೊಸ ಹೊಸ ಹೆಜ್ಜೆಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ದೇವತೆಗಳಿಲ್ಲ, ದೊರೆಗಳಿಲ್ಲ. ಸಹಜತೆ ಸಹಜತೆ ಎಂದು ಬರೆದ ಗುರುವಿನ ರಂಗದ ಮೇಲೆ ಹೆಚ್ಚಾಗಿ ಗ್ರೀಕ್ ವೀರರೇ ತುಂಬಿದ್ದರು. ಹಳ್ಳಿಯ ಅಂಗಳಕ್ಕೆ ಬರಲು ಶಿಷ್ಯನೇ ಬೇಕಾಯಿತು. ನೊವೇರ್ ಸ್ಯಾಂ-ಜೆರ್ಮೇನ್-ಆಂ-ಲೇ ಎಂಬ ಊರಲ್ಲಿ ಕೂತು ಹಳೆಯ ಪತ್ರಗಳನ್ನು ತಿದ್ದಿ, ಬೆಳೆಸಿ, 1807ರಲ್ಲಿ ಮತ್ತೆ ಅಚ್ಚು ಹಾಕಿಸಿದ. ಈ ಸಲದ ಅರ್ಪಣೆ ನೆಪೋಲಿಯನ್ನನ ಹೆಂಡತಿ, ಸಾಮ್ರಾಜ್ಞಿ ಜೋಸೆಫೀನ್‌ಗೆ. ಡ್ಯೂಕ್ ಆದ, ರಾಣಿಯಾದಳು, ಈಗ ಸಾಮ್ರಾಜ್ಞಿ. 1810ರ ಅಕ್ಟೋಬರ್ 19ರಂದು ತೀರಿಕೊಂಡ.

ಹೆಜ್ಜೆಗಳನ್ನು ಬರೆದಿಡುವ ವಿಧಾನ ಆ ಕಾಲದಲ್ಲಿ ಇರಲಿಲ್ಲವೇ? ಇತ್ತು. ಫಯ್ಯೆ 1700ರಲ್ಲೇ ಒಂದು ಲಿಪಿಯನ್ನು ಅಚ್ಚು ಹಾಕಿಸಿದ್ದ. ನೆಲದ ಮೇಲೆ ಕಾಲು ಹೋಗುವ ದಾರಿಯನ್ನು ಗೆರೆಗಳಲ್ಲಿ ತೋರಿಸುವ ಲಿಪಿ. ನೊವೇರ್ ಅದನ್ನು ಗೇಲಿ ಮಾಡಿದ. ಕಾಲು ಎಲ್ಲಿ ಹೋಯಿತೆಂದು ಗೆರೆ ಹೇಳೀತು, ಕೈ ಏನು ಮಾಡಿತು, ಮುಖ ಏನು ಹೇಳಿತು, ಅದು ಎಲ್ಲಿದೆ? ಅವನ ವಾದ ನನಗೆ ಪೂರ್ತಿ ಒಪ್ಪಿಗೆ. ಆದರೆ ಅವನು ಗೇಲಿ ಮಾಡಿದ ಆ ಲಿಪಿಯಿಂದಾಗಿ ಅವನಿಗಿಂತ ಹಳೆಯ ಕುಣಿತಗಳನ್ನು ಇವತ್ತು ಮತ್ತೆ ಕುಣಿಯುತ್ತಾರೆ. ಅವನದನ್ನು ಕುಣಿಯಲಾಗುವುದಿಲ್ಲ.

ವಾರ್ಸಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವನದೊಂದು ಹಸ್ತಪ್ರತಿಯಿದೆ, ಹನ್ನೊಂದು ಸಂಪುಟ. 1766ರಲ್ಲಿ, ಸ್ಟುಟ್‌ಗಾರ್ಟಿನ ಖಜಾನೆ ಅಲುಗಾಡುವುದು ಕಾಣುತ್ತಿದ್ದಂತೆ, ಹೊಸದಾಗಿ ಪಟ್ಟಕ್ಕೆ ಬಂದಿದ್ದ ಪೋಲೆಂಡಿನ ರಾಜ ಸ್ತಾನಿಸ್ವಾಫ್ ಆಗಸ್ಟ್‌ನಿಗೆ ಕೆಲಸ ಕೇಳಿ ಕಳಿಸಿದ್ದು. ಪತ್ರಗಳ ಪಠ್ಯ, ಬ್ಯಾಲೆಗಳ ಕಥೆಗಳು, ಸಂಗೀತ, ಬೊಕೆ ಬರೆದ ವೇಷಗಳ ಬಣ್ಣದ ಚಿತ್ರಗಳು, ಎಲ್ಲ ಅದರಲ್ಲಿವೆ. ಎರಡು ಮಹಾಯುದ್ಧ ದಾಟಿ ಉಳಿದಿವೆ. ಆ ವೇಷಗಳ ಸೊಂಟಗಳಲ್ಲಿ ಗರಿ, ಜಾಲರಿ, ಉಬ್ಬು ಇನ್ನೂ ಸಾಕಷ್ಟಿವೆ, ಪುಸ್ತಕದಲ್ಲಿ ಕಿತ್ತೆಸೆಯಿರಿ ಎಂದಷ್ಟು ಸುಲಭವಾಗಿ ರಂಗದಲ್ಲಿ ಎಸೆಯಲಾಗಿರಲಿಲ್ಲ. ರಾಜ ಸಂಪುಟಗಳನ್ನು ಇಟ್ಟುಕೊಂಡ. ಕೆಲಸ ಕೊಡಲಿಲ್ಲ.